ನಿನ್ನೆಯ ಅನ್ನ ಸುತ್ತದ ಗಂಗಲಕ್ಷ್ಮಮ್ಮ

ಬೆಳಗಿನ ಐದೂಕಾಲು. ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದೇ ಒಂದು ಷಟರ್ ಅರ್ಧ ಎದ್ದಿದೆ. ಒಳಗೆ ಗಂಗಲಕ್ಷ್ಮಮ್ಮ ಅಕ್ಕಿ ತೊಳೆಯುತ್ತಿದ್ದಾರೆ. ಮೂರು ನೀರು ಬಸಿದಾಗಿದೆ, ಇನ್ನೂ ಬೆಳ್ಳಗೇ ಬರುತ್ತಿದೆ. ಕೈ ಅಕ್ಕಿಯೊಳಗಿದ್ದರೂ ಕಣ್ಣು ಮಾತ್ರ ನಿಂತಲ್ಲಿ ನಿಲ್ಲುತ್ತಿಲ್ಲ. ಒಂದು ಸಲ ಗಡಿಯಾರ ನೋಡುತ್ತಾರೆ, ಒಂದು ಸಲ ಬಾಗಿಲು.

"ಏಳು ಗಂಟೆಗೆ ಬರ್ತೀನಿ ಅಂದವ್ರೆ ಸಾರ್. ಅಷ್ಟೊತ್ತಿಗೆ ಅನ್ನ ಬೆಚ್ಚಗಿರ್ಬೇಕು, ಸುಡಬಾರ್ದು. ಸುಟ್ರೆ ಹಾಳೆ ಮೆತ್ತಗಾಗ್ಬಿಡ್ತದೆ."

ಬರಬೇಕಾದವರು ಅಂಗಡಿಯ ಮಾಲೀಕ ನಂದಕುಮಾರ್. ಇವತ್ತು ಅವರು ಎರಡು ಬಗೆಯ ಅನ್ನದ ರುಚಿ ನೋಡಿ ಒಂದು ಮಾತು ಹೇಳಬೇಕು. ಗಂಗಲಕ್ಷ್ಮಮ್ಮ ಈ ಮೇಜಿನ ಮುಂದೆ ನಿಲ್ಲುತ್ತಾರೋ, ಹಿಂದಿನ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಾ ಉಳಿಯುತ್ತಾರೋ ಎಂಬುದು ಆ ಮಾತಿನ ಮೇಲಿದೆ.

ಇದು ಸುಶಿ ಮಾರುವ ಅಂಗಡಿ. ವಿನೆಗರ್ ಬೆರೆಸಿದ ಅಂಟು ಅನ್ನವನ್ನು ಕಡಲಪಾಚಿಯ ಕರಿ ಹಾಳೆಯ ಮೇಲೆ ಹರಡಿ, ನಡುವೆ ಸೌತೆಕಾಯಿಯನ್ನೋ ಬೇಯಿಸಿದ ಸೀಗಡಿಯನ್ನೋ ಇಟ್ಟು, ಬಿದಿರಿನ ಚಾಪೆಯಲ್ಲಿ ಸುತ್ತಿ ಎಂಟು ತುಂಡು ಮಾಡಿದರೆ ಜಪಾನಿನವರ ಈ ತಿಂಡಿ ಸಿದ್ಧ. ವಿಮಾನ ನಿಲ್ದಾಣದ ಸುತ್ತಲಿನ ದೊಡ್ಡ ಹೋಟೆಲುಗಳಲ್ಲಿ ಇದರ ಬೆಲೆ ಕೇಳಿದರೆ ಹಸಿವು ಇಳಿಯುತ್ತದೆ. ಇಲ್ಲಿ ಒಂದು ಪ್ಲೇಟ್ ಬಿರಿಯಾನಿಯ ಬೆಲೆಗೆ ಒಂದು ಡಬ್ಬಿ. ಗಿರಾಕಿಗಳಿಗೆ ಕುರ್ಚಿಯಿಲ್ಲ, ಮೇಜಿಲ್ಲ, ಪಾರ್ಸೆಲ್ ಮಾತ್ರ.

ಗಂಗಲಕ್ಷ್ಮಮ್ಮನಿಗೆ ನಲವತ್ತೇಳು. ಹುಟ್ಟಿದ್ದು, ಮದುವೆಯಾದದ್ದು ಎರಡೂ ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ. ಇಪ್ಪತ್ತೆರಡು ವರ್ಷ ವಿದ್ಯುತ್ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತಿದ್ದಾರೆ. ಮಗ್ಗದ ಯಜಮಾನರು ಶೆಡ್ಡನ್ನೇ ಮಾರಿದಾಗ ಗಂಡ ಲಕ್ಷ್ಮಣಪ್ಪ ದೇವನಹಳ್ಳಿಗೆ ಬಂದು ಕಾವಲುಗಾರರಾದರು, ಇವರು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದರು. ಕೋಟೆಯೊಳಗೆ ಒಂದು ಬಾಡಿಗೆ ಮನೆ.

ಆ ಹೋಟೆಲಿಗೆ ಜಪಾನಿನ ಅತಿಥಿಗಳು ಬರುತ್ತಿದ್ದರು. ಅವರಿಗಾಗಿ ಬೇಯಿಸಿದ ಅನ್ನದ ಪಾತ್ರೆಗಳೆಲ್ಲ ಕೊನೆಗೆ ಇವರ ಕೈಗೇ. ತಳಕ್ಕೆ ಅಂಟಿದ್ದನ್ನು ಕೆರೆಯುತ್ತಾ ಕೆರೆಯುತ್ತಾ, ಯಾವತ್ತು ನೀರು ಹೆಚ್ಚಾಗಿದೆ, ಯಾವತ್ತು ಉರಿ ಜೋರಾಗಿದೆ ಎಂದು ಬೆರಳಿಗೇ ಗೊತ್ತಾಗತೊಡಗಿತು. ಒಂದು ದಿನ ತಡೆಯಲಾರದೆ ಬಾಣಸಿಗ ಮನೋಹರ್ ಅವರಿಗೆ ಹೇಳಿಯೇಬಿಟ್ಟರು: "ಸಾರ್, ಇವತ್ತು ಅಕ್ಕಿ ನೆನೆಸಿದ್ದು ಸಾಲ್ದು."

"ಬೈತಾರೆ ಅನ್ಕಂಡಿದ್ದೆ," ಎನ್ನುತ್ತಾರೆ ಈಗ. "ಅವ್ರು ಒಂದ್ ಅಗುಳು ಬಾಯಿಗಾಕ್ಕೊಂಡು, ನಾಳೆಯಿಂದ ಅಕ್ಕಿ ನೀನೇ ನೋಡ್ಕೋಮ್ಮ ಅಂದ್ಬಿಟ್ರು."

ಎರಡು ವರ್ಷ ಅಲ್ಲಿ ಕಲಿತು, ನಂದಕುಮಾರ್ ಈ ಅಂಗಡಿ ತೆರೆದಾಗ ಇಲ್ಲಿಗೆ ಬಂದರು. ದಿನಕ್ಕೆ ಎಂಟು ಕೆಜಿ ಅಕ್ಕಿ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ನೂರಾ ಹತ್ತು ಡಬ್ಬಿ. ಮೀನು ಸೀಗಡಿಗಳನ್ನು ಮುಟ್ಟುತ್ತಾರೆ, ತಿನ್ನುವುದಿಲ್ಲ. ಅನ್ನವೊಂದನ್ನೇ ನಾಲಗೆಗೆ ಇಟ್ಟು ಇಡೀ ಡಬ್ಬಿಯ ಹಣೆಬರಹ ಹೇಳುತ್ತಾರೆ. "ನಮ್ಮೆಜಮಾನ್ರು ಒಂದ್ಸಲ ಇದಕ್ಕೆ ಹುಳಿ ಸಾರು ಹಾಕ್ಕೊಂಡು ಕಲೆಸ್ಕೊಂಡ್ಬಿಟ್ರು ಸಾರ್. ಪರವಾಗಿಲ್ಲ ಅಂತಾನೂ ಅಂದ್ರು."

ನನ್ನನ್ನು ಇಲ್ಲಿಗೆ ಮೊದಲು ಕರೆತಂದದ್ದು ಕ್ಯಾಬ್ ಚಾಲಕ ಭೀಮರಾಜ್. ಎರಡು ತಿಂಗಳ ಹಿಂದೆ, ವಿಮಾನ ತಡವಾದ ಮಧ್ಯಾಹ್ನ. "ಜಪಾನ್ ಚಿತ್ರಾನ್ನ ತಿಂತೀರಾ ಗುರುಗಳೇ?" ಎಂದು ನಗುತ್ತಾ ಕಾರು ತಿರುಗಿಸಿದ್ದರು. ಬಾಯಿಗಿಟ್ಟರೆ, ಅನ್ನ ಅಗುಳು ಅಗುಳು ಬೇರೆಯಾಗಿದ್ದೂ ಒಂದನ್ನೊಂದು ಬಿಡದೆ ಹಿಡಿದುಕೊಂಡಿತ್ತು. ಹುಳಿ, ಸಿಹಿ, ಉಪ್ಪು ಒಂದನ್ನೊಂದು ಮೀರಿರಲಿಲ್ಲ. ಆವತ್ತೇ ಗಂಗಲಕ್ಷ್ಮಮ್ಮನ ಜೊತೆ ಒಂದು ಗಂಟೆ ಮಾತಾಡಿ, ಮನೆಗೆ ಹೋಗಿ ಈ ಲೇಖನದ ಅರ್ಧ ಬರೆದಿಟ್ಟೆ. ಹೊಗಳಿಕೆಯೇ ತುಂಬಿತ್ತು.

ಉಳಿದ ಅರ್ಧಕ್ಕಾಗಿ ಕಳೆದ ಗುರುವಾರ ಮತ್ತೆ ಹೋದೆ. ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. ಡಬ್ಬಿ ತೆಗೆದುಕೊಂಡು ಬಾಗಿಲ ಪಕ್ಕದಲ್ಲೇ ನಿಂತು ಬಾಯಿಗಿಟ್ಟೆ. ಅನ್ನ ಸಣ್ಣ ಕಲ್ಲಿನಂತೆ ತಣ್ಣಗೆ, ಗಟ್ಟಿಯಾಗಿತ್ತು. ಹಾಳೆ ನಾರಿನಂತೆ ಹಲ್ಲಿಗೆ ಸಿಕ್ಕಿಕೊಂಡಿತು. ಎರಡನೇ ತುಂಡು ಬಿಚ್ಚಿಕೊಂಡು ಅಂಗಿಯ ಮೇಲೆ ಬಿತ್ತು. ಎರಡು ತಿಂಗಳ ಹಿಂದಿನ ರುಚಿ ನನ್ನ ಕಲ್ಪನೆಯೇ ಆಗಿತ್ತೇ ಎಂದು ಕಸಿವಿಸಿಯಾಯಿತು. ತಿನ್ನಲೂ ಆಗದೆ, ಎಸೆಯಲೂ ಆಗದೆ ರಸ್ತೆಯ ಈ ಬದಿಯಿಂದ ಆ ಬದಿಗೆ ಅಡ್ಡಾಡಿದೆ.

ಆಗ ಅಂಗಡಿಯ ಹಿಂಬಾಗಿಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತಾ ಗಂಗಲಕ್ಷ್ಮಮ್ಮ ಬಂದರು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಅವರ ಮುಖ ಇಳಿದುಹೋಯಿತು.

"ತಿನ್ಬೇಡಿ ಸಾರ್, ಕೊಡಿ ಇಲ್ಲಿ."

"ಏನಾಯ್ತಮ್ಮ?"

"ಈ ಅನ್ನ ನಂದಲ್ಲ. ನಿನ್ನೆ ಸಾಯಂಕಾಲದ್ದು, ಫ್ರಿಡ್ಜಲ್ಲಿ ಇಟ್ಟಿದ್ದು."

ಒಂದು ತಿಂಗಳ ಹಿಂದೆ ನಂದಕುಮಾರ್ ಹೊಸಕೋಟೆಯಲ್ಲಿ ಎರಡನೇ ಅಂಗಡಿ ತೆರೆದಿದ್ದರು. ಎರಡೂ ಕಡೆಗೆ ಸಾಲುವಷ್ಟು ಅನ್ನವನ್ನು ಹಿಂದಿನ ಸಂಜೆಯೇ ಮಾಡಿ, ಫ್ರಿಡ್ಜಿನಲ್ಲಿಟ್ಟು ಕಳಿಸುವುದು ಅವರ ಲೆಕ್ಕಾಚಾರ. ಫ್ರಿಡ್ಜಿಗೆ ಹೋದರೆ ಈ ಅನ್ನ ಸತ್ತ ಹಾಗೆ ಎಂದು ಗಂಗಲಕ್ಷ್ಮಮ್ಮ ಮೂರು ಸಲ ಹೇಳಿದರು. ನಾಲ್ಕನೇ ಸಲ ಹೇಳಲಿಲ್ಲ, ಬಿದಿರಿನ ಚಾಪೆ ಮಡಚಿಟ್ಟು "ಇದನ್ನ ನಾನು ಸುತ್ತಲ್ಲ" ಅಂದರು. ಹಾಗಾದರೆ ಪಾತ್ರೆ ತೊಳೆಯಿರಿ ಎಂದರು ಮಾಲೀಕರು. ತೊಳೆದರು. ಹತ್ತು ದಿನ.

"ನನ್ ಹೆಸ್ರು ಪೇಪರಲ್ಲಿ ಹಾಕ್ಬೇಡಿ ಸಾರ್," ಎಂದರು ಅವತ್ತು, ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು. "ಜನ ಓದ್ಕೊಂಡು ಅಷ್ಟು ದೂರದಿಂದ ಬರ್ತಾರೆ. ಇದನ್ನ ತಿಂದ್ರೆ ಏನಂತಾರೆ?"

ನಾನು ಬಸ್ ಹತ್ತಿದೆ. ಅವರು ಮಾತ್ರ ಸುಮ್ಮನಾಗಲಿಲ್ಲ. ಎರಡು ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲವಂತೆ. ಶನಿವಾರ ಮಾಲೀಕರ ಮುಂದೆ ನಿಂತು ಕೇಳಿದರು: "ನೀವು ನಮ್ಮಂಗ್ಡಿ ಡಬ್ಬಿ ತಿಂದು ಎಷ್ಟು ದಿನ ಆಯ್ತು ಸಾರ್? ಸೋಮವಾರ ಒಂದಿನ ಬೆಳಿಗ್ಗೆ ಬನ್ನಿ. ಎರಡೂ ಅನ್ನ ಇಡ್ತೀನಿ. ತಿಂದ್ಮೇಲೂ ಫ್ರಿಡ್ಜಿಂದೇ ಇರ್ಲಿ ಅಂದ್ರೆ ನಾನು ಮತ್ತೆ ಬಾಯಿ ತೆಗೆಯಲ್ಲ." ನಂದಕುಮಾರ್ ಒಪ್ಪಿದರು. ಸುದ್ದಿ ತಿಳಿಸಿ ನನ್ನನ್ನು ಬರಹೇಳಿದ್ದು ಭೀಮರಾಜ್.

ಹಾಗಾಗಿ ಈ ಸೋಮವಾರ, ಈ ಬೆಳಗು. ಅನ್ನ ಬೆಂದು ಅಗಲವಾದ ಮರದ ತೊಟ್ಟಿಗೆ ಬಿದ್ದಿದೆ. ಒಂದು ಕೈಯಲ್ಲಿ ಮರದ ಸೌಟು ಹಿಡಿದು ಅಗುಳು ಮುರಿಯದಂತೆ ಸೀಳುತ್ತಾ, ಇನ್ನೊಂದು ಕೈಯಲ್ಲಿ ರಟ್ಟು ಬೀಸುತ್ತಾರೆ. ಒದ್ದೆ ಬಟ್ಟೆ ಹೊದಿಸುತ್ತಾರೆ, ತೆಗೆದು ನೋಡುತ್ತಾರೆ, ಮತ್ತೆ ಹೊದಿಸುತ್ತಾರೆ. ಏಳಾಯಿತು. ಏಳೂವರೆಯಾಯಿತು. "ಬರಲ್ವೇನೋ," ಎನ್ನುತ್ತಾ ಷಟರಿನವರೆಗೆ ಹೋಗಿ ಬರುತ್ತಾರೆ. "ಇನ್ನೊಂದು ಗಂಟೆ ಹೋದ್ರೆ ಇದೂ ತಣ್ಣಗಾಯ್ತದೆ."

ಏಳೂ ಮುಕ್ಕಾಲಿಗೆ ನಂದಕುಮಾರ್ ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಬಂದರು. ಮೂವತ್ತೈದರ ಆಸುಪಾಸಿನ, ಯಾವಾಗಲೂ ಎಲ್ಲಿಗೋ ತಡವಾದವರಂತೆ ಕಾಣುವ ಮನುಷ್ಯ. ಕೌಂಟರಿನವರು ಸುತ್ತಿಟ್ಟಿದ್ದ ನಿನ್ನೆಯ ಅನ್ನದ ತುಂಡು ಬಾಯಿಗಿಟ್ಟರು. ಅಗಿಯುವುದು ನಿಧಾನವಾಯಿತು. ಫೋನ್ ಕಟ್ ಮಾಡಿದರು. ಆಮೇಲೆ ಗಂಗಲಕ್ಷ್ಮಮ್ಮ ಸುತ್ತಿದ ಹೊಸ ಅನ್ನದ ತುಂಡು. ಇನ್ನೊಂದು. ಎಂಟೂ ಮುಗಿಸಿದರು. ಗಂಗಲಕ್ಷ್ಮಮ್ಮ ಚಾಪೆಯ ಒಂದೇ ಕಡ್ಡಿಯನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದರು.

"ಹೊಸಕೋಟೆಗೆ ಏನ್ ಮಾಡ್ಲಿ ಗಂಗಕ್ಕ?" ಎಂದರು ಕೊನೆಗೆ. ದನಿಯಲ್ಲಿ ಮಾಲೀಕನ ಗತ್ತು ಇರಲಿಲ್ಲ, ದಣಿವಿತ್ತು.

"ಅಲ್ಲಿಗೆ ಅನ್ನ ಕಳಿಸ್ಬೇಡಿ ಸಾರ್. ನನ್ನ ಕಳಿಸಿ. ಕಲಿಸಿ ಬರ್ತೀನಿ."

ನಂದಕುಮಾರ್ ಫ್ರಿಡ್ಜಿನ ಬಾಗಿಲು ತೆಗೆದು, ಒಳಗಿದ್ದ ಅನ್ನದ ಡಬ್ಬಗಳನ್ನು ಒಂದೊಂದಾಗಿ ಹೊರಗಿಟ್ಟರು.

ಇದಾಗಿ ಮೂರು ವಾರ. ಎಲ್ಲವೂ ಸರಿಹೋಗಿಲ್ಲ. ಅನ್ನ ಮುಗಿದ ಕೂಡಲೇ ಷಟರ್ ಎಳೆಯುವುದರಿಂದ ಸಂಜೆ ಬಂದವರು ಗೊಣಗುತ್ತಾರೆ. ಹೊಸಕೋಟೆಯಲ್ಲಿ ಕಲಿಯುತ್ತಿರುವ ಬೈರಮ್ಮ ಮೊದಲ ದಿನ ಮಾಡಿದ ಅನ್ನ ಗಂಜಿಯಾಯಿತು, ಎರಡನೇ ದಿನ ಅರೆಬೆಂದಿತು. ಗಂಗಲಕ್ಷ್ಮಮ್ಮ ವಾರಕ್ಕೆ ಎರಡು ದಿನ ಇಲ್ಲಿಯ ಬೆಳಗಿನ ಅನ್ನ ಮುಗಿಸಿ, ಬಸ್ ಹಿಡಿದು ಅಲ್ಲಿಗೆ ಹೋಗುತ್ತಾರೆ. "ಬೈರಮ್ಮಂಗೆ ಮೊದ್ಲು ಪಾತ್ರೆ ತೊಳಿ ಅಂದಿದೀನಿ. ತಳ ಉಜ್ಜಿದ್ರೆ ತಾನೇ ಗೊತ್ತಾಗೋದು."

ಮೊನ್ನೆ ಅವರು ಹೊಸಕೋಟೆಗೆ ಹೊರಡುವ ಮುನ್ನ, ಪೇಪರಿನಲ್ಲಿ ಹೆಸರು ಹಾಕಲೇ ಎಂದು ಕೇಳಿದೆ. ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದವರು ಒಂದು ಕ್ಷಣ ನಿಂತರು.

"ಹಾಕಿ. ಆದ್ರೆ ಎರಡನೇ ಸಲ ತಿಂದಾಗ ಚೆನ್ನಾಗಿರಲಿಲ್ಲ ಅಂತಾನೂ ಬರೀರಿ ಸಾರ್. ಅವತ್ತು ನಾನು ಸುತ್ತಿರಲಿಲ್ಲ ಅಂತ ಜನಕ್ಕೆ ಗೊತ್ತಾಗ್ಲಿ."