ಬಿಳಿ ಮಾಡುವ ಲೈಟು

ಗೆಳೆಯರೇ, ಊರು ಬಿಟ್ಟು ಬಂದು ಇಲ್ಲಿನ ಉಧ್ನಾ ಬಡಾವಣೆಯಲ್ಲಿ ಹೋಟೆಲ್ ನಡೆಸುವ ನಮ್ಮ ಉಡುಪಿ ಕಡೆಯ ಹಿರಿಯರೊಬ್ಬರು ಮದುವೆ ಪ್ರಸ್ತಾಪಕ್ಕೆ ಮಗಳ ಫೋಟೋ ತೆಗೆಸಲು ಇವತ್ತು ಅಡಾಜಣ್‌ನ ನನ್ನ ಸ್ಟುಡಿಯೋಗೆ ಬಂದಿದ್ದರು. ನಾನು ಲೈಟಿಗೆ ಬಿಳಿ ಬಟ್ಟೆಯ ಸಾಫ್ಟ್‌ಬಾಕ್ಸ್ ಹಾಕಿದೆ.

"ಇದಕ್ಕಿಂತ ದೊಡ್ಡದು ಹಾಕಿ ಮಾರಾಯ್ರೆ. ಹುಡುಗಿ ಬಿಳಿ ಕಾಣ್ಬೇಕು."

"ದೊಡ್ಡದು ಹಾಕಿದ್ರೆ ಮುಖದ ನೆರಳು ಮೆತ್ತಗಾಗ್ತದೆ ಅಷ್ಟೆ, ಬಣ್ಣ ಬದಲಾಗುದಿಲ್ಲ" ಎಂದೆ.

ಅವರು ನಂಬಲಿಲ್ಲ. ಬೆಳ್ಳಿ ಬಣ್ಣದ ರಿಫ್ಲೆಕ್ಟರನ್ನು ತಾವೇ ತಂದು ಮಗಳ ಗಲ್ಲದ ಕೆಳಗೆ ಹಿಡಿದರು. ಕೆಳಗಿನಿಂದ ಬೆಳಕು ಬಿದ್ದು, ಪಾಪ, ಆಕೆ ಫೋಟೋದಲ್ಲಿ ಯಕ್ಷಗಾನದ ರಕ್ಕಸಿಯ ಹಾಗೆ ಬಂದಳು. ಅದನ್ನು ನೋಡಿ ಮೊದಲು ನಕ್ಕವಳು, ಆಮೇಲೆ ನಗಲಿಲ್ಲ.

"ಪಪ್ಪಾ, ಹುಡುಗನ ಫೋಟೋ ಯಾವ ಲೈಟಲ್ಲಿ ತೆಗ್ದದ್ದು ಅಂತ ನೀವು ಕೇಳಿದ್ರಾ?"

"ಅವ ಗಂಡಲ್ವಾ!"

ಆಕೆ ಎದ್ದು ಹೊರಗೆ ಹೋದಳು. ಸಂಜೆ ಬಿಸಿಲು ಬೀಳುತ್ತಿದ್ದ ಹಳೇ ಗೋಡೆಗೆ ಒರಗಿ, "ಇಲ್ಲೇ ತೆಗೀರಿ ಅಂಕಲ್, ಲೈಟ್‌ವೈಟ್ ಕುಛ್ ನಹೀ" ಎಂದಳು. ತೆಗೆದೆ. ಈಚೆಗೆ ಇಷ್ಟು ಚಂದದ ಮುಖ ನನ್ನ ಕ್ಯಾಮೆರಾಕ್ಕೆ ಸಿಕ್ಕಿರಲಿಲ್ಲ.

ಹೊರಡುವಾಗ ಅಪ್ಪ ನನ್ನ ಕಿವಿಯಲ್ಲಿ, "ಕಂಪ್ಯೂಟರಲ್ಲಿ ಸ್ವಲ್ಪ ಬಿಳಿ ಮಾಡಿ ಕಳ್ಸಿ, ಆಯ್ತಾ?" ಎಂದರು.

ಈಗಷ್ಟೇ ಮಾಡಿ ಕಳಿಸಿದೆ. ಗೋಡೆ ಹಾಲಿನಷ್ಟು ಬೆಳ್ಳಗಾಗಿದೆ, ಹುಡುಗಿ ಹಾಗೇ ಇದ್ದಾಳೆ.