ಬಾಲದ ಬಿಲ್ಲೆಗೆ ಕೈಮುಗಿದದ್ದು

ಸೀತಾಬರ್ಡಿ ಪೇಟೆಯಲ್ಲಿ ನಮ್ಮ ಮನೆಯವರು ಸೀರೆ ಆರಿಸುತ್ತಿದ್ದರು. ಅದು ಜಲ್ದಿ ಮುಗಿಯುವ ಕೆಲಸವಲ್ಲವೆಂದು ನಾನು ಹತ್ತಿರದಲ್ಲೇ ಇದ್ದ ಉತ್ಖನನದ ವಸ್ತುಗಳ ಪ್ರದರ್ಶನಕ್ಕೆ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ, ಅದರ ಮೇಲೆ ಸಿಂಹದ ಮುಖ. ನಮ್ಮೂರ ಗುಡಿಯ ನರಸಿಂಹನನ್ನೇ ಕಂಡಂತಾಯಿತು. ಬಾಗಿಲ ಬಳಿ ಚಪ್ಪಲಿ ಬಿಟ್ಟು ಬಂದು ಕೈಮುಗಿದೆ. ಕಣ್ಣು ತೆರೆದರೆ ಹಿಂದೆ ಸಾಲು ನಿಂತಿತ್ತು. ಅಜ್ಜಿಯೊಬ್ಬರು ಗಾಜಿಗೆ ಕುಂಕುಮ ಹಚ್ಚುತ್ತಿದ್ದರು.

ಕಾವಲುಗಾರ ಓಡಿ ಬಂದ. “ಕಾಕಾ, ಏನ್ ಮಾಡಿದ್ರಿ! ಇದು ದೇವರಲ್ಲ, ಹಳೇ ಕಾಲದಾಗ ಕುದುರಿ ಬಾಲದ ಕೆಳಗಿನ ಪಟ್ಟಿಗೆ ಹಾಕ್ತಿದ್ದ ಬಿಲ್ಲೆ. ಸಾಹೇಬರು ನೋಡಿದ್ರ ನನ್ನ ನೌಕರಿ ಹೋಗ್ತೈತಿ. ನೀವೇ ಶುರು ಮಾಡೀರಿ, ನೀವೇ ನಿಲ್ಲಿಸ್ರಿ.”

ನಾನು ಅಜ್ಜಿಗೆ ಸಾವಕಾಶವಾಗಿ ಎಲ್ಲವನ್ನೂ ತಿಳಿಸಿ ಹೇಳಿದೆ. ಅವರು ಪೂರ್ತಿ ಕೇಳಿ, “ಬರೋಬರ್. ಆದರ ಯಾವ ದೇವರ ಕುದುರಿ?” ಎಂದರು.

“ಖಂಡೋಬಾಂದು!” ಎಂದರು ಸಾಲಿನಲ್ಲಿ ಯಾರೋ. ಕುದುರೆ ಏರಿ ಬರುವ ಖಂಡೋಬಾ ಎಂದರೆ ನಮ್ಮ ಮನೆದೇವರು ಮೈಲಾರಲಿಂಗನೇ. ಬಾಲವಾದರೇನು, ನಾನು ಮತ್ತೊಮ್ಮೆ ಕೈಮುಗಿದೆ.

ಸಾಹೇಬರು ಬರುವುದರೊಳಗೆ ಕಾವಲುಗಾರ ಗಾಜಿನ ಕುಂಕುಮ ಒರೆಸಿದ. ಒರೆಸಿದ ಬೆರಳನ್ನು ತನ್ನ ಹಣೆಗೂ ಮುಟ್ಟಿಸಿಕೊಂಡ.

ಬಾಗಿಲಿಗೆ ಬಂದರೆ ನನ್ನ ಚಪ್ಪಲಿ ಇರಲಿಲ್ಲ. ಅದು ದೇವಸ್ಥಾನವಲ್ಲ ಎಂದು ಇನ್ನು ಯಾರು ಹೇಳಿದರೂ ನಾನು ನಂಬುವುದಿಲ್ಲ.