ಹಿಮದ ಮೇಲಿನ ದೃಷ್ಟಿಬೊಟ್ಟು

ಮುಂಬೈ ಪಕ್ಕದ ಐರೋಲಿಯ ಮೇ ತಿಂಗಳ ಸೆಕೆಯಲ್ಲಿ ಬನಿಯನ್ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ, ಹಿಮ ಬಿದ್ದ ಕಾಡಿನ ಚಿತ್ರ ಬರೆಯುವ ಗಂಡ ಸಿಕ್ಕರೆ ಯಾವ ಹೆಂಡತಿ ತಾನೇ ಸುಮ್ಮನಿದ್ದಾಳು? "ಹಿಮಾ ಅಂದ್ರ ಏನಂತ ನೋಡೀರೇನು? ನಮ್ಮ ಫ್ರಿಜ್ಜಿನ್ಯಾಗ ಕಟ್ಟಿದ್ದು ಬಿಟ್ಟು?" ಎಂದು ಕಾಡುತ್ತಿದ್ದೆ. ಇವರು ನಕ್ಕು ಮತ್ತೆ ಕುಂಚ ಅದ್ದುತ್ತಿದ್ದರು. ಪಕ್ಕದ ಠಾಣೆ ಊರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ; ರಜೆ ಬಂತೆಂದರೆ ಬಾಲ್ಕನಿಯಲ್ಲಿ ಬಣ್ಣ. ಕ್ಯಾನ್ವಾಸಿಗೆ ಒಂದು ಕೂದಲು ಅಂಟಿದರೂ ಮನೆ ಹಾರಿಹೋಗುವ ಹಾಗೆ ಕೂಗಾಡುವ ಮನುಷ್ಯ.

ಚಿತ್ರ ಮುಗಿದ ಮರುದಿನ, ಇವರು ಆಫೀಸಿಗೆ ಹೋದಾಗ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರು ಬಂದು "ಕಿತೀ ಸುಂದರ್!", ಎಷ್ಟು ಚೆಂದ ಎಂದು ಮರಾಠಿಯಲ್ಲಿ ಬಾಯಿತುಂಬ ಹೊಗಳಿ ಹೋದರು. ನಮ್ಮತ್ತೆಗೆ ಅಷ್ಟೇ ಸಾಕಾಯಿತು. "ಮಂದಿ ಕಣ್ಣು ಭಾಳ ಕೆಟ್ಟವು" ಎನ್ನುತ್ತ, ಕೂಸಿನ ಕೆನ್ನೆಗೆ ಇಡುವ ಹಾಗೆ, ಕಾಡಿಗೆಯಲ್ಲಿ ಬೆರಳದ್ದಿ ದಪ್ಪನೆಯ ದೃಷ್ಟಿಬೊಟ್ಟು ಇಟ್ಟೇಬಿಟ್ಟರು. ಮೂಲೆಯಲ್ಲೂ ಅಲ್ಲ, ಮರಗಳ ನಡುವಿನ ಅಚ್ಚ ಬಿಳಿ ಹಿಮದ ಮೇಲೆ. ನಾನು ಹಣೆ ಚಚ್ಚಿಕೊಂಡೆ. ಸಂಜೆ ತಾಯಿ ಮಗನ ನಡುವೆ ರಣರಂಗ ಗ್ಯಾರಂಟಿ ಎಂದುಕೊಂಡೆ.

ಸಂಜೆ ಇವರು ಬಂದು ಚಿತ್ರದ ಎದುರು ನಿಂತು ಬಹಳ ಹೊತ್ತು ನೋಡಿದರು.

"ಬರೋಬ್ಬರಿ ಆಗೇದ. ಎಲ್ಲೂ ಒಂದು ಕಲಿ, ಒಂದು ಚುಕ್ಕಿ ಇಲ್ಲ."

ಅತ್ತೆ ನನ್ನ ಮುಖ ನೋಡಿದರು, ನಾನು ಅವರದು. ಇತ್ತೀಚೆಗೆ ಚಹಾದ ಕಪ್ಪನ್ನು ಟೇಬಲ್ ತಡವಿ ಇಡುತ್ತಿದ್ದುದು, ಡಬ್ಬಿಯ ಮುಚ್ಚಳಕ್ಕೆ ತಡಕಾಡುತ್ತಿದ್ದುದು ಎಲ್ಲ ಒಟ್ಟಿಗೇ ನೆನಪಾಯಿತು. ಈ ಮನುಷ್ಯ ದಿನಾ ಲೋಕಲ್ ರೈಲು ಹತ್ತಿ ಇಳಿಯುತ್ತಾರೆ. ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ಕಣ್ಣಿಗೆ ಕಟ್ಟಿತು.

"ರೀ, ನಡುವ ಹಿಮದ ಮ್ಯಾಲೆ ಏನದ ನೋಡ್ರಿ."

"ಏನದ?"

ಕೈಯಿಂದ ಸವರಿದರು. ಬೆರಳು ಕಪ್ಪಾಯಿತು. ಅದನ್ನು ಮೂಗಿನ ಹತ್ತಿರ ಹಿಡಿದು, ಕತ್ತು ಓರೆ ಮಾಡಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನು ದೇವರಿಗೆ ಕಾಯಿ ಒಡೆಯುತ್ತಿದ್ದೆ.

"ಎದುರು ನೋಡಿದ್ರ ನಡುವಿಂದೇನೂ ಕಾಣವಲ್ದು, ಸುತ್ತಲಿಂದಷ್ಟ ಕಾಣ್ತದ," ಎಂದರು ಕುರ್ಚಿ ತಡವಿ ಕೂಡುತ್ತ. "ಡಾಕ್ಟರ್ ಕುಂಚ ಬಿಡು ಅಂದ್ರ ಹೆಂಗ ಅಂತ ಅಂಜಿಕಿ. ಅದಕ್ಕ ಹೇಳಲಿಲ್ಲ. ಹಿಮಾ ಆದ್ರ ತಪ್ಪಿದ್ರೂ ಗೊತ್ತಾಗಂಗಿಲ್ಲ ಅಂತ ಅದನ್ನ ಹಿಡಕೊಂಡೆ."

ಅತ್ತೆ ಅಳುತ್ತ ಸೆರಗಿನಿಂದ ಬೊಟ್ಟು ಒರೆಸಲು ಹೋದರು.

"ಇರ್ಲಿ ಬಿಡವ್ವ. ಕಣ್ಣಿಗೆ ಔಷಧ ಮಾಡಿಸ್ತೀನಿ. ಕಣ್ಣು ಬಂದ ದಿನ ಮೊದಲು ಆ ಬೊಟ್ಟನ್ನ ನೋಡ್ತೀನಿ."

ಈಗ ಚಿಕಿತ್ಸೆ ನಡೆದಿದೆ. ಕಾಯಬೇಕು ಎಂದಿದ್ದಾರೆ ಡಾಕ್ಟರು, ಮತ್ತೇನೂ ಹೇಳುವುದಿಲ್ಲ. ಇವರು ದಿನಾ ಬೆಳಿಗ್ಗೆ ಚಿತ್ರದ ಮುಂದೆ ನಿಲ್ಲುತ್ತಾರೆ. ನಾನು ಅಡುಗೆಮನೆಯಿಂದ ಇಣುಕುತ್ತೇನೆ. ಕಾಣಿಸಿತೇ ಎಂದು ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಇವರು ಸ್ನಾನಕ್ಕೆ ಹೋದಾಗ ಅತ್ತೆ ಕಾಡಿಗೆ ಡಬ್ಬಿ ಹಿಡಿದು ಹಿಮದ ಕಾಡಿನೆದುರು ನಿಂತಿದ್ದರು. ಬೊಟ್ಟನ್ನು ಇನ್ನಷ್ಟು ದೊಡ್ಡದು ಮಾಡುತ್ತಿದ್ದರು. ನಾನು ತಡೆಯಲಿಲ್ಲ.